ನಕ್ಷತ್ರ ಮೋಡದಿಂದ ಹುಟ್ಟಿತು, ಸರಿ. ಆ ಮೋಡ ಎಲ್ಲಿಂದ ಬಂತು?

ಹಿತ್ತಲ ದೂರದರ್ಶಕ
ಕಳೆದ ವಾರ ನಮ್ಮ ಪ್ರೌಢಶಾಲೆಯ ಮೈದಾನದಲ್ಲಿ ಮಕ್ಕಳಿಗೆ ಆಕಾಶ ತೋರಿಸುತ್ತಿದ್ದೆ. ಆರು ಇಂಚಿನ ದೂರದರ್ಶಕ, ಜೊತೆಗೆ ಕಾಲು ಅಲುಗಾಡುವ ಒಂದು ಸ್ಟೂಲು. ಮಹಾವ್ಯಾಧನ ಸೊಂಟದ ಮೂರು ನಕ್ಷತ್ರಗಳ ಕೆಳಗೆ, ಕತ್ತಿಯ ಜಾಗದಲ್ಲಿ ಕಾಣುವ ಮಸುಕು ಬೆಳಕಿಗೆ ಗುರಿ ಹಿಡಿದು, "ಇದು ನಕ್ಷತ್ರಗಳು ಹುಟ್ಟುವ ಅನಿಲದ ಮೋಡ, ಸುಮಾರು 1,300 ಜ್ಯೋತಿರ್ವರ್ಷ ದೂರ" ಎಂದೆ. ಒಂಬತ್ತನೇ ತರಗತಿಯ ಹುಡುಗಿಯೊಬ್ಬಳು ಸ್ಟೂಲಿನಿಂದ ಇಳಿಯುತ್ತಾ, "ನಕ್ಷತ್ರ ಮೋಡದಿಂದ ಹುಟ್ಟಿತು, ಸರಿ ಸಾರ್. ಮೋಡ ಯಾವುದರಿಂದ ಹುಟ್ಟಿತು?" ಎಂದಳು.

"ಗುರುತ್ವ ಎಳೆದು ಒಟ್ಟುಗೂಡಿಸಿತು" ಎಂದು ಹೇಳಿ ಮುಂದಿನ ಹುಡುಗನನ್ನು ಕರೆದುಬಿಟ್ಟೆ. ರಾತ್ರಿ ಮಲಗಿದ ಮೇಲೆ ಆ ಉತ್ತರ ನನಗೇ ಒಗ್ಗಲಿಲ್ಲ. ಗುರುತ್ವವೊಂದೇ ಕೆಲಸ ಮಾಡುವುದಾದರೆ ಇಷ್ಟು ಶತಕೋಟಿ ವರ್ಷಗಳಲ್ಲಿ ಇರುವ ಅನಿಲವೆಲ್ಲ ನಕ್ಷತ್ರಗಳಾಗಿ ಮುಗಿದುಹೋಗಬೇಕಿತ್ತಲ್ಲವೇ? ಪಠ್ಯಪುಸ್ತಕದಲ್ಲಿ ಕಥೆ ಮೋಡದಿಂದಲೇ ಶುರುವಾಗುತ್ತದೆ, ಅದರ ಹಿಂದಿನ ಪುಟವೇ ಇಲ್ಲ. ಬಲ್ಲವರು ಹೇಳಿ. ಸೋಮವಾರ ಅವಳಿಗೆ ಮುಖ ತೋರಿಸಬೇಕು.

ಅಡಿಕೆ ತೋಟ
ಮುಂದಿನ ಹುಡುಗನನ್ನು ಕರೆದದ್ದಕ್ಕೆ ಮೊದಲು ಅವಳ ಕ್ಷಮೆ ಕೇಳಿ ಮೇಷ್ಟ್ರೇ. ನಮ್ಮ ಕಾಲದ ಮೇಷ್ಟ್ರುಗಳೂ ಹೀಗೆಯೇ ತಪ್ಪಿಸಿಕೊಳ್ಳುತ್ತಿದ್ದರು.

ಧೂಳುಕಣ
ಮೊದಲು ಒಂದು ಸಣ್ಣ ತಿದ್ದುಪಡಿ. ನೀವು ತೋರಿಸಿದ್ದು ಮೋಡವಲ್ಲ, ಮೋಡದ ಮೈಮೇಲೆ ಎದ್ದ ಬೊಕ್ಕೆ. ಹೊಸದಾಗಿ ಹುಟ್ಟಿದ ಕೆಲವು ಬಿಸಿ ನಕ್ಷತ್ರಗಳು ನಮ್ಮ ಕಡೆಯ ಮಗ್ಗುಲನ್ನು ಸುಟ್ಟು ಬೆಳಗಿಸಿವೆ, ಕಣ್ಣಿಗೆ ಬೀಳುವುದು ಅಷ್ಟೇ. ನಿಜವಾದ ಮೋಡ ಅದರ ಹಿಂದೆ ಕತ್ತಲಲ್ಲಿದೆ. ಸುಮಾರು 300 ಜ್ಯೋತಿರ್ವರ್ಷ ಉದ್ದ, ಸೂರ್ಯನಂಥ ಒಂದು ಲಕ್ಷ ನಕ್ಷತ್ರಗಳಿಗೆ ಆಗುವಷ್ಟು ಸರಕು. ಉಷ್ಣತೆ ಮೈನಸ್ 260 ಡಿಗ್ರಿಯ ಆಸುಪಾಸು.

ಅದು ಯಾಕೆ ಕಾಣುವುದಿಲ್ಲ ಎಂದರೆ, ಅದರ ಬಹುಪಾಲು ಅಣುರೂಪದ ಹೈಡ್ರೋಜನ್. ಎರಡು ಒಂದೇ ತೆರನ ಪರಮಾಣುಗಳು ಕೈಹಿಡಿದ ಸಮತೂಕದ ಅಣು ಅದು. ಅಷ್ಟು ಚಳಿಯಲ್ಲಿ ರೇಡಿಯೊ ಅಲೆಗಳನ್ನು ಸೂಸುವುದೇ ಇಲ್ಲ. ಹಾಗಾಗಿ ಅದರ ಜೊತೆ ಹತ್ತು ಸಾವಿರಕ್ಕೆ ಒಂದರಂತೆ ಬೆರೆತಿರುವ ಕಾರ್ಬನ್ ಮಾನಾಕ್ಸೈಡನ್ನು ಹುಡುಕುತ್ತಾರೆ. 1970ರಲ್ಲಿ ವಿಲ್ಸನ್, ಜೆಫರ್ಟ್ಸ್ ಮತ್ತು ಪೆನ್ಜಿಯಾಸ್ ಅಮೆರಿಕದ ಕಿಟ್ ಪೀಕ್‌ನಲ್ಲಿ 2.6 ಮಿಲಿಮೀಟರ್ ಅಲೆಯಲ್ಲಿ ಇದನ್ನು ಮೊದಲು ಹಿಡಿದದ್ದು ಇದೇ ಮಹಾವ್ಯಾಧನ ದಿಕ್ಕಿನಲ್ಲಿ. ಅಲ್ಲಿಯವರೆಗೆ ಇಂಥ ದೈತ್ಯ ಮೋಡಗಳು ಇಷ್ಟು ದೊಡ್ಡವೆಂದು ಯಾರಿಗೂ ಅಂದಾಜಿರಲಿಲ್ಲ.

ಈಗ ಹುಡುಗಿಯ ಪ್ರಶ್ನೆ. ನಕ್ಷತ್ರಗಳ ನಡುವಿನ ಜಾಗ ಖಾಲಿಯಲ್ಲ. ಸರಾಸರಿ ತೆಗೆದರೆ ಘನ ಸೆಂಟಿಮೀಟರಿಗೆ ಒಂದು ಪರಮಾಣು. (ನಾವು ಉಸಿರಾಡುವ ಗಾಳಿಯಲ್ಲಿ ಅಷ್ಟೇ ಜಾಗಕ್ಕೆ ಎರಡೂವರೆ ಲಕ್ಷ ಕೋಟಿ ಕೋಟಿ ಅಣುಗಳು.) ಆ ತೆಳು ಅನಿಲಕ್ಕೆ ಎರಡು ನೆಮ್ಮದಿಯ ಸ್ಥಿತಿಗಳಿವೆ. ಒಂದು, ಏಳೆಂಟು ಸಾವಿರ ಡಿಗ್ರಿಯ ಬಿಸಿ, ತೀರ ವಿರಳ. ಇನ್ನೊಂದು, ನೂರು ಕೆಲ್ವಿನ್, ಅಂದರೆ ಮೈನಸ್ 170 ಡಿಗ್ರಿ ಆಸುಪಾಸಿನ ತಂಪು, ಅದಕ್ಕಿಂತ ನೂರು ಪಟ್ಟು ದಟ್ಟ. ಬಿಸಿ ಅನಿಲವನ್ನು ಯಾರಾದರೂ ಸ್ವಲ್ಪ ಅದುಮಿದರೆ, ಅದರಲ್ಲಿರುವ ಇಂಗಾಲ, ಆಮ್ಲಜನಕ ಬೇಗಬೇಗ ಬೆಳಕು ಸೂಸಿ ಶಾಖ ಕಳೆದುಕೊಳ್ಳುತ್ತವೆ. ತಣ್ಣಗಾದಷ್ಟೂ ಕುಗ್ಗುತ್ತದೆ, ಕುಗ್ಗಿದಷ್ಟೂ ಇನ್ನೂ ತಣ್ಣಗಾಗುತ್ತದೆ. ಒಮ್ಮೆ ಜಾರಿದರೆ ತಂಪು ಸ್ಥಿತಿಗೆ ಬಂದೇ ನಿಲ್ಲುವುದು. ಇಲ್ಲಿಯವರೆಗೆ ಗುರುತ್ವಕ್ಕೆ ಹೆಚ್ಚು ಕೆಲಸವೇ ಇಲ್ಲ ಮೇಷ್ಟ್ರೇ. ಯಾರೋ ಅದುಮಬೇಕು, ಅಷ್ಟೇ.

ಸಂದೇಹಿ
"ಯಾರೋ ಅದುಮಬೇಕು." ಕಥೆಯ ಕಳ್ಳ ಅಲ್ಲೇ ಅಡಗಿದ್ದಾನೆ. ಆ ಯಾರೋ ಯಾರು?

ಪರಿಭಾಷೆ ಪ್ರಿಯ
ಹೈಡ್ರೋಜನ್ ಅಲ್ಲ, ಜಲಜನಕ. ಕನ್ನಡದಲ್ಲಿ ಪದವಿದ್ದೂ ಬಳಸದಿದ್ದರೆ ಹೇಗೆ? ಆಮ್ಲಜನಕ ಎಂದು ಬರೆದ ಕೈ ಅದೇ ಸಾಲಿನ ಪಕ್ಕದಲ್ಲಿ ಹೈಡ್ರೋಜನ್ ಎಂದು ಬರೆದಿದೆ.

ಧೂಳುಕಣ
ಸಿಕ್ಕಿಬಿದ್ದೆ. ಆದರೆ ಕಾರ್ಬನ್ ಮಾನಾಕ್ಸೈಡನ್ನು ಮುಟ್ಟಬೇಡಿ, ದಯವಿಟ್ಟು.

ಅಡಿಕೆ ತೋಟ
ಜಲಜನಕ ಎಂದರೆ ನೀರು ಹುಟ್ಟಿಸುವುದು. ಗ್ರೀಕಿನಲ್ಲಿ ಹೈಡ್ರೋಜನ್ ಎಂದರೂ ಅದೇ ಅರ್ಥವಂತೆ. ಜಗಳ ಸಮ, ಮುಂದಕ್ಕೆ ಹೋಗೋಣ.

ಲೆಕ್ಕದ ಮೇಷ್ಟ್ರು
ಅದುಮುವವನು ಯಾರು ಎನ್ನುವ ಮೊದಲು ಎಷ್ಟು ದೂರದಿಂದ ಅದುಮಬೇಕು ಎಂದು ನೋಡೋಣ. ಹಾಳೆಯ ಹಿಂಬದಿಯಲ್ಲಿ ಮಾಡುವ ಲೆಕ್ಕ ಇದು. ಹತ್ತು ಲಕ್ಷ ಸೂರ್ಯರಷ್ಟು ತೂಕದ ಮೋಡ ಬೇಕು ಎಂದಿಟ್ಟುಕೊಳ್ಳಿ, ದೈತ್ಯ ಮೋಡಗಳಲ್ಲಿ ದೊಡ್ಡವು ಈ ಅಳತೆಯವು. ಘನ ಸೆಂಟಿಮೀಟರಿಗೆ ಒಂದೇ ಪರಮಾಣು ಇರುವ ಬಯಲಿನಿಂದ ಅಷ್ಟನ್ನು ಬಾಚಬೇಕಾದರೆ, ಉದ್ದ ಅಗಲ ಎತ್ತರ ಮೂರೂ ಸಾವಿರ ಜ್ಯೋತಿರ್ವರ್ಷವಿರುವ ಪೆಟ್ಟಿಗೆಯನ್ನು ಪೂರ್ತಿ ಬರಿದು ಮಾಡಬೇಕು. ಗ್ಯಾಲಕ್ಸಿಯ ಅನಿಲದ ತಟ್ಟೆಯ ದಪ್ಪವೇ ಹೆಚ್ಚುಕಡಿಮೆ ಅಷ್ಟಿದೆ! ಅಂದರೆ ಮೇಲಿನಿಂದ ಕೆಳಗಿನವರೆಗೆ ಪೂರಾ ಗೋರಬೇಕು.

ಅನಿಲ ಹರಿಯುವ ವೇಗ ಸೆಕೆಂಡಿಗೆ ಹತ್ತು ಕಿಲೋಮೀಟರ್ ಎಂದು ಹಿಡಿಯಿರಿ, ಗಂಟೆಗೆ 36,000. ನಮ್ಮ ಲೆಕ್ಕಕ್ಕೆ ಬಿರುಸು, ಅಲ್ಲಿ ಆಮೆ. ಈ ವೇಗದಲ್ಲಿ ಹತ್ತು ಲಕ್ಷ ವರ್ಷಕ್ಕೆ 33 ಜ್ಯೋತಿರ್ವರ್ಷ ಸಾಗುತ್ತದೆ. ಪೆಟ್ಟಿಗೆಯ ಅಂಚಿನಿಂದ ನಡುವಿಗೆ 500 ಜ್ಯೋತಿರ್ವರ್ಷ. ಸುಮಾರು ಒಂದೂವರೆ ಕೋಟಿ ವರ್ಷ ಬೇಕು. ಮೇಷ್ಟ್ರೇ, ನಿಮ್ಮ ಹುಡುಗಿಗೆ ಈ ಲೆಕ್ಕವನ್ನೇ ಮನೆಗೆಲಸ ಕೊಡಿ.

ಹಿತ್ತಲ ದೂರದರ್ಶಕ
ಮಾಡಿ ನೋಡಿದೆ, ಸರಿ ಬಂತು. ಎರಡು ಸಲ ಸೊನ್ನೆ ತಪ್ಪಿದೆ, ಅದು ಬೇರೆ ವಿಷಯ.

ಸಂದೇಹಿ
ಇಷ್ಟೆಲ್ಲ ಹರಿವು ಯಾಕೆ ಬೇಕು? ಸಣ್ಣ ಮೋಡಗಳು ಒಂದಕ್ಕೊಂದು ಢಿಕ್ಕಿ ಹೊಡೆದು, ಅಂಟಿಕೊಂಡು, ದೊಡ್ಡದಾದವು ಎಂದರೆ ಮುಗಿಯಿತಲ್ಲ. ಹನಿಗೂಡಿದರೆ ಹಳ್ಳ. ನಾನು ಕಾಲೇಜಿನಲ್ಲಿ ಓದಿದ್ದು ಹಾಗೆಯೇ.

ಧೂಳುಕಣ
ನೀವು ಓದಿದ್ದು ತಪ್ಪಲ್ಲ, ಅದು ಒಂದು ಪಕ್ಷದ ವಾದ. 1979ರ ಸುಮಾರಿಗೆ ಸ್ಕೊವಿಲ್ ಮತ್ತು ಸಂಗಡಿಗರು ಅದನ್ನೇ ಹೇಳಿದರು: ಮೋಡಗಳು ಢಿಕ್ಕಿಯಿಂದ ಬೆಳೆಯುತ್ತವೆ, ಹತ್ತು ಕೋಟಿ ವರ್ಷಕ್ಕೂ ಹೆಚ್ಚು ಬಾಳುತ್ತವೆ. ಮರುವರ್ಷವೇ ಬ್ಲಿಟ್ಜ್ ಮತ್ತು ಶು ಎದ್ದು ನಿಂತು, ಅಷ್ಟೆಲ್ಲ ಆಯುಸ್ಸು ಇಲ್ಲ, ಎರಡು ಮೂರು ಕೋಟಿ ವರ್ಷದಲ್ಲಿ ಆಟ ಮುಗಿಯುತ್ತದೆ ಎಂದರು. ಆ ಜಗಳ ನಲವತ್ತು ವರ್ಷ ಎಳೆಯಿತು.

ಢಿಕ್ಕಿಯ ತೊಡಕು ಇಷ್ಟೇ: ಮೋಡಗಳ ನಡುವಿನ ಅಂತರ ಬಹಳ. ಸೂರ್ಯನ ನೆರೆಹೊರೆಯಲ್ಲಿ ಒಂದಕ್ಕೊಂದು ಸಿಕ್ಕಿ ದೈತ್ಯವಾಗಲು ಹತ್ತಾರು ಕೋಟಿ ವರ್ಷ ಬೇಕು. ಅಷ್ಟರಲ್ಲಿ ಮೋಡವೇ ಇರುವುದಿಲ್ಲ. ಚಿಲಿಯ ಆಲ್ಮಾ ದೂರದರ್ಶಕದಿಂದ ಹತ್ತಿರದ 90 ಗ್ಯಾಲಕ್ಸಿಗಳಲ್ಲಿ ಸುಮಾರು ಒಂದು ಲಕ್ಷ ಮೋಡಗಳನ್ನು ಗುರುತಿಸಿದ್ದಾರೆ. ಅದರ ಲೆಕ್ಕಾಚಾರದಿಂದ ಬರುವ ಆಯುಸ್ಸು ಒಂದರಿಂದ ಮೂರು ಕೋಟಿ ವರ್ಷ.

ಸಂದೇಹಿ
ಮೋಡಕ್ಕೆ ಜನನ ಪ್ರಮಾಣಪತ್ರ ಎಲ್ಲಿಂದ ತಂದರು? ಯಾರೂ ಒಂದು ಕೋಟಿ ವರ್ಷ ಕಾದು ನೋಡಿಲ್ಲವಲ್ಲ.

ನಿದ್ದೆಗೆಟ್ಟವಳು
ನಾನು ಎಂ.ಎಸ್ಸಿ. ಮಾಡುತ್ತಿದ್ದೇನೆ, ನಾಳೆ ಪರೀಕ್ಷೆ ಇದೆ, ಆದರೂ ಬಾಯಿ ಮುಚ್ಚಿಕೊಂಡಿರಲು ಆಗುತ್ತಿಲ್ಲ. ಉಪಾಯ ಸುಲಭದ್ದು. ಜಾತ್ರೆಯಲ್ಲಿ ನಿಂತು ಒಂದು ಫೋಟೊ ತೆಗೆಯಿರಿ. ಅದರಲ್ಲಿ ಎಷ್ಟು ಮಕ್ಕಳು, ಎಷ್ಟು ಮುದುಕರು ಎಂದು ಎಣಿಸಿದರೆ ಬಾಲ್ಯಕ್ಕೂ ಮುಪ್ಪಿಗೂ ಎಷ್ಟೆಷ್ಟು ಕಾಲವೆಂದು ಅಂದಾಜು ಸಿಗುತ್ತದೆ. ಹಾಗೆಯೇ, ಒಂದು ಗ್ಯಾಲಕ್ಸಿಯಲ್ಲಿ ಬರೀ ಮೋಡವಿರುವ ಜಾಗಗಳೆಷ್ಟು, ಮೋಡವೂ ಎಳೆಯ ನಕ್ಷತ್ರಗಳೂ ಒಟ್ಟಿಗಿರುವ ಜಾಗಗಳೆಷ್ಟು, ಮೋಡ ಚದುರಿ ನಕ್ಷತ್ರಗಳಷ್ಟೇ ಉಳಿದ ಜಾಗಗಳೆಷ್ಟು ಎಂದು ಎಣಿಸುತ್ತಾರೆ. ದೊಡ್ಡ ನಕ್ಷತ್ರಗಳ ಆಯುಸ್ಸು ಗೊತ್ತಿರುವುದರಿಂದ ಅದೇ ಗಡಿಯಾರ. 2019ರಲ್ಲಿ ಎನ್‌ಜಿಸಿ 300 ಎಂಬ ಗ್ಯಾಲಕ್ಸಿಯಲ್ಲಿ ಹೀಗೆ ಎಣಿಸಿ ಮೋಡದ ಆಯುಸ್ಸು ಸುಮಾರು ಒಂದು ಕೋಟಿ ವರ್ಷವೆಂದು ತೋರಿಸಿದರು. ಬಿಸಿ ನಕ್ಷತ್ರಗಳು ಕಣ್ಣುಬಿಟ್ಟ ಮೇಲಂತೂ ಮೋಡ ಚದುರುವುದಕ್ಕೆ ಹೆಚ್ಚು ಹೊತ್ತಿಲ್ಲ, ಅನೇಕ ಕಡೆ ಆ ನಕ್ಷತ್ರಗಳು ಆಯುಸ್ಸು ಮುಗಿದು ಸೂಪರ್‌ನೋವಾ ಆಗಿ ಸಿಡಿಯುವ ಮೊದಲೇ ಅವುಗಳಿಂದ ಬೀಸುವ ಗಾಳಿಯೂ ನೇರಳಾತೀತ ಬೆಳಕೂ ಸೇರಿ ಓಡಿಸಿಬಿಡುತ್ತವೆ.

ಅಡಿಕೆ ತೋಟ
ಹೋಗಿ ಓದಿಕೊಳ್ಳಿ ತಂಗಿ. ಮೋಡ ಎಲ್ಲಿಗೂ ಹೋಗುವುದಿಲ್ಲ, ಇನ್ನೂ ಒಂದು ಕೋಟಿ ವರ್ಷವಿದೆ ಎಂದು ನೀವೇ ಹೇಳಿದಿರಿ.

ಮಲ್ಲೇಶ್ವರದ ಮುದುಕ
ಈ ಮಾತೆಲ್ಲ ಓದಿ ಒಂದು ಹಳೆಯ ನೆನಪಾಯಿತು. ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯ ಆವರಣದಲ್ಲಿ 10.4 ಮೀಟರ್ ಅಗಲದ ಮಿಲಿಮೀಟರ್ ಅಲೆಯ ದೂರದರ್ಶಕವಿತ್ತು. ಮೇಖ್ರಿ ವೃತ್ತದ ಕಡೆ ಹೋಗುವಾಗಲೆಲ್ಲ ನಾನು ಆ ಕಡೆ ಕತ್ತು ತಿರುಗಿಸುತ್ತಿದ್ದೆ. ನಗರದ ನಡುವೆ, ಸಮುದ್ರ ಮಟ್ಟದಿಂದ ಒಂದು ಕಿಲೋಮೀಟರಿಗಿಂತಲೂ ಕೊಂಚ ಕಡಿಮೆ ಎತ್ತರದಲ್ಲಿ ನಿಂತು ಇಂಥ ಅಲೆಗಳನ್ನು ಹಿಡಿಯುವುದು ಸಾಹಸವೇ ಸರಿ. ಗಾಳಿಯಲ್ಲಿನ ತೇವ ಈ ಅಲೆಗಳನ್ನು ನುಂಗುತ್ತದೆ. ಮಳೆಗಾಲದಲ್ಲಿ ನಮ್ಮ ಮೋಡ ಅವರ ಮೋಡವನ್ನು ಮರೆಮಾಡುತ್ತದೆ. ಅದಕ್ಕೇ ಆಲ್ಮಾವನ್ನು ಅಟಕಾಮಾ ಮರುಭೂಮಿಯಲ್ಲಿ 5,000 ಮೀಟರ್ ಎತ್ತರಕ್ಕೆ ಹೊತ್ತೊಯ್ದದ್ದು.

ಇನ್ನೊಂದು ಮಾತು. ಧೂಳುಕಣ ಅವರು ಹೇಳಿದ ಬಿಸಿ-ತಂಪು ಎರಡು ಸ್ಥಿತಿಗಳ ವಿಷಯವಿದೆಯಲ್ಲ, 1972ರಲ್ಲಿ ಆಸ್ಟ್ರೇಲಿಯದ ಪಾರ್ಕ್ಸ್ ದೂರದರ್ಶಕದಿಂದ ಜಲಜನಕ ಪರಮಾಣುವಿನ ಗುರುತಾದ 21 ಸೆಂಟಿಮೀಟರ್ ಅಲೆಯಲ್ಲಿ ಅದಕ್ಕೆ ಗಟ್ಟಿ ಪುರಾವೆ ಕೊಟ್ಟ ಗುಂಪಿನ ಮುಂದಾಳು ವಿ. ರಾಧಾಕೃಷ್ಣನ್. ಅದೇ ವರ್ಷ ಬೆಂಗಳೂರಿಗೆ ಬಂದು ಆ ಸಂಸ್ಥೆಯ ನಿರ್ದೇಶಕರಾದರು. ಸಿ.ವಿ. ರಾಮನ್ ಅವರ ಮಗ ಎಂದು ಎಲ್ಲರೂ ಹೇಳುತ್ತಾರೆ, ಮಾಡಿದ ಕೆಲಸವನ್ನು ಹೇಳುವವರು ಕಡಿಮೆ.

ಹಿತ್ತಲ ದೂರದರ್ಶಕ
ಇದು ಗೊತ್ತೇ ಇರಲಿಲ್ಲ. ಧನ್ಯವಾದ ಹಿರಿಯರೇ. ಆದರೆ ಸಂದೇಹಿ ಅವರ ಪ್ರಶ್ನೆ ಹಾಗೆಯೇ ಉಳಿಯಿತು. ಅದುಮುವವನು ಯಾರು?

ಧೂಳುಕಣ
ಇಬ್ಬರು ಮುಖ್ಯ ಆರೋಪಿಗಳು. ಒಬ್ಬ, ಗ್ಯಾಲಕ್ಸಿಯ ಸುರುಳಿ ತೋಳು. ತೋಳೆಂದರೆ ಅದೇ ಅನಿಲ, ಅದೇ ನಕ್ಷತ್ರಗಳು ಸದಾ ಕೂಡಿಕೊಂಡಿರುವ ಪಟ್ಟಿಯಲ್ಲ. ಅನಿಲ ಹಿಂದಿನಿಂದ ಬಂದು ಒಳಹೊಗುತ್ತದೆ, ಅಲ್ಲಿ ಒತ್ತಟ್ಟಾಗುತ್ತದೆ, ಮುಂದಿನಿಂದ ಹೊರಬೀಳುತ್ತದೆ.

ಅಡಿಕೆ ತೋಟ
ನಿಲ್ಲಿ, ಇದು ನನಗೆ ಗೊತ್ತು. ನಮ್ಮ ಮನೆಯ ಎದುರಿನ ಗುಡ್ಡದ ನೆತ್ತಿಯ ಮೇಲೆ ಜೂನ್ ತಿಂಗಳಲ್ಲಿ ಒಂದು ಮೋಡ ಬಂದು ಕೂರುತ್ತದೆ. ಕೆಳಗಿನಿಂದ ನೋಡಿದರೆ ಮೂರು ದಿನ ಅಲ್ಲಾಡದೆ ಕೂತ ಹಾಗೆ. ಒಮ್ಮೆ ತಪ್ಪಿಸಿಕೊಂಡ ಎಮ್ಮೆಯನ್ನು ಹುಡುಕಿಕೊಂಡು ಮೇಲೆ ಹತ್ತಿದ್ದೆ. ಅಲ್ಲಿ ನಿಲ್ಲಲಾಗದಷ್ಟು ಗಾಳಿ! ಪಡುವಣದಿಂದ ಬರುವ ಗಾಳಿ ಗುಡ್ಡ ಹತ್ತುವಾಗ ಮಂಜಾಗುತ್ತದೆ, ಆಚೆ ಇಳಿಯುವಾಗ ಕರಗುತ್ತದೆ. ಮೋಡ ಕೂತಿದೆ, ನೀರು ಕೂತಿಲ್ಲ. ಎಮ್ಮೆ ಮಾತ್ರ ಮನೆಯ ಹಿಂದೆಯೇ ಇತ್ತು.

ಧೂಳುಕಣ
ಇದಕ್ಕಿಂತ ಚೆನ್ನಾಗಿ ನಾನು ಹೇಳಲಾರೆ. ತೋಳು ಎಂದರೆ ಗುಡ್ಡ, ಅನಿಲ ಎಂದರೆ ಗಾಳಿ. ಎಂ51 ಎಂಬ ಸುಳಿ ಗ್ಯಾಲಕ್ಸಿಯಲ್ಲಿ 2009ರಲ್ಲಿ ಕೋಡಾ ಮತ್ತು ಸಂಗಡಿಗರು ಇದನ್ನು ಕಣ್ಣಾರೆ ತೋರಿಸಿದರು. ತೋಳಿನೊಳಗೆ ಮೋಡಗಳು ಸೇರಿ ಮಹಾಗುಂಪುಗಳಾಗುತ್ತವೆ, ತೋಳು ದಾಟಿದ ಮೇಲೆ ಒಡೆದು ಮತ್ತೆ ಸಣ್ಣವಾಗುತ್ತವೆ. ಆದರೆ ಎಲ್ಲವೂ ಮತ್ತೆ ಪರಮಾಣುಗಳಾಗಿ ಬಿಡಿಯಾಗುವುದಿಲ್ಲ.

ಸಂದೇಹಿ
ಅಂದರೆ ತೋಳಿನೊಳಗೆ ಸಣ್ಣ ಮೋಡಗಳು ಸೇರಿಯೇ ದೊಡ್ಡವಾದವು! ನಾನು ಹೇಳಿದ್ದೂ ಅದೇ ಢಿಕ್ಕಿ!

ಧೂಳುಕಣ
ತೋಳಿನ ಕಿಕ್ಕಿರಿದ ಜಾಗದಲ್ಲಿ ಹೌದು, ಗ್ಯಾಲಕ್ಸಿಯ ನಡುಭಾಗದಲ್ಲೂ ಹೌದು. ಅಲ್ಲಿ ನಿಮಗೆ ಅರ್ಧ ಅಂಕ. ನಮ್ಮ ಸೂರ್ಯನ ಬೀದಿಯಲ್ಲಿ ಕೊಡಲಾರೆ.

ಸಂದೇಹಿ
ಮುಕ್ಕಾಲು ಕೊಡಿ.

ನಿದ್ದೆಗೆಟ್ಟವಳು
ಸೂರ್ಯನ ಬೀದಿಯಲ್ಲಿ ಎರಡನೇ ಆರೋಪಿಯ ಕಾರುಬಾರು: ಗುಳ್ಳೆ. ದೊಡ್ಡ ನಕ್ಷತ್ರಗಳು ಸಿಡಿದಾಗ ಸುತ್ತಲಿನ ಅನಿಲವನ್ನು ಹೊರಕ್ಕೆ ಗುಡಿಸುತ್ತವೆ. ಗುಡಿಸಿದ್ದು ಅಂಚಿನಲ್ಲಿ ದಿಬ್ಬವಾಗುತ್ತದೆ, ದಿಬ್ಬವೇ ಹೊಸ ಮೋಡ. ನಾವೇ ಅಂಥ ಒಂದು ಗುಳ್ಳೆಯ ಹೊಟ್ಟೆಯಲ್ಲಿದ್ದೇವೆ, ಸುಮಾರು ಸಾವಿರ ಜ್ಯೋತಿರ್ವರ್ಷ ಅಗಲ. 2022ರಲ್ಲಿ ಕ್ಯಾಥರೀನ್ ಜುಕರ್ ಮತ್ತು ಸಂಗಡಿಗರು, ಗಾಯಾ ಉಪಗ್ರಹ ಅಳೆದ ನಕ್ಷತ್ರಗಳ ಚಲನೆಯನ್ನು ಹಿಂದಕ್ಕೆ ಓಡಿಸಿ ನೋಡಿದರು. ಆ ಗುಳ್ಳೆ 1.4 ಕೋಟಿ ವರ್ಷಗಳ ಹಿಂದೆ ಉಬ್ಬಲು ಶುರುವಾಗಿದೆ, ಸುಮಾರು 15 ಸೂಪರ್‌ನೋವಾಗಳು ಅದನ್ನು ಊದಿವೆ. ವೃಷಭ, ಉರಗಧರ ಮೊದಲಾದ ನಕ್ಷತ್ರ ಪುಂಜಗಳ ದಿಕ್ಕಿನಲ್ಲಿರುವ ಹತ್ತಿರದ ನಕ್ಷತ್ರಜನಕ ಮೋಡಗಳು ಅದರ ತೊಗಲಿನ ಮೇಲೇ ಕುಳಿತಿವೆ. ಸೂರ್ಯ ಸುಮ್ಮನೆ ಅಲೆಯುತ್ತಾ 50 ಲಕ್ಷ ವರ್ಷಗಳ ಹಿಂದೆ ಒಳಗೆ ಬಂದ ಅತಿಥಿ.

ವೃಷಭದ ಮೋಡವಂತೂ ಎರಡು ಗುಳ್ಳೆಗಳು ತಾಗುವ ಜಾಗದಲ್ಲಿದೆ. ಎರಡೂ ಕಡೆಯಿಂದ ಅದುಮಿದರೆ ಕೇಳಬೇಕೇ.

ಪರಿಭಾಷೆ ಪ್ರಿಯ
ವಿಷಯಾಂತರಕ್ಕೆ ಕ್ಷಮೆಯಿರಲಿ. ಮಹಾವ್ಯಾಧನ ತಲೆಯ ಹತ್ತಿರವಿರುವ ಮೃಗಶಿರ ನಕ್ಷತ್ರಕ್ಕೂ ಈ ಗುಳ್ಳೆಗಳಿಗೂ ಏನಾದರೂ ನಂಟಿದೆಯೇ? ಸೂರ್ಯ ಆ ನಕ್ಷತ್ರಕ್ಕೆ ಬಂದಾಗಲೇ ನಮ್ಮಲ್ಲಿ ಮೃಗಶಿರಾ ಮಳೆ ಎನ್ನುವುದು.

ಧೂಳುಕಣ
ಚೆನ್ನಾದ ಪ್ರಶ್ನೆ. ಮೃಗಶಿರದ ಸುತ್ತ ಸುಮಾರು 150 ಜ್ಯೋತಿರ್ವರ್ಷ ಅಗಲದ ಮೋಡದ ಬಳೆಯೇ ಇದೆ. ಹಿಂದೆ ಅಲ್ಲಿ ಒಂದೇ ಮೋಡವಿದ್ದು, ಸುಮಾರು ಹತ್ತು ಲಕ್ಷ ವರ್ಷಗಳ ಹಿಂದೆ ಒಂದು ಸೂಪರ್‌ನೋವಾ ಸಿಡಿದು ನಡುವಿನದು ಬಯಲಾಯಿತು ಎನ್ನುವುದು ಹೆಚ್ಚಿನವರು ಒಪ್ಪುವ ವಿವರಣೆ. ಅಂಚಿನಲ್ಲಿ ಹೊಸ ನಕ್ಷತ್ರಗಳು ಹುಟ್ಟುತ್ತಿವೆ. ಮೇಷ್ಟ್ರು ಒಂದೇ ಪುಂಜದಲ್ಲಿ ಸೊಂಟದ ಕೆಳಗೆ ಬಾಳುತ್ತಿರುವ ಮೋಡ, ತಲೆಯ ಬಳಿ ಒಡೆದ ಮೋಡ ಎರಡನ್ನೂ ತೋರಿಸಬಹುದು. ತೋರಿಸಬಹುದು ಎಂದರೆ ಬೆರಳು ತೋರಿಸಬಹುದು, ಬಳೆ ಕಣ್ಣಿಗೆ ಕಾಣುವುದಿಲ್ಲ.

ಅಡಿಕೆ ತೋಟ
ಮೃಗಶಿರಾ ಈ ಸಲ ನಮಗೆ ಕೈಕೊಟ್ಟಿತು. ಆರಿದ್ರಾ ಕೈ ಹಿಡಿಯಿತು. ಅಲ್ಲಿಯ ಮೋಡದ ಲೆಕ್ಕ ಇಷ್ಟು ಬಲ್ಲವರು ಇಲ್ಲಿಯದನ್ನೂ ಸ್ವಲ್ಪ ಹೇಳಬಾರದೇ?

ಲೆಕ್ಕದ ಮೇಷ್ಟ್ರು
ಅದು ಇದಕ್ಕಿಂತ ಕಷ್ಟ.

ಮೂಲ ಪ್ರಶ್ನೆಯ ಇನ್ನೊಂದು ತುಂಡು ಬಾಕಿ ಇದೆ: ಗುರುತ್ವ ಎಲ್ಲವನ್ನೂ ನುಂಗಿ ಯಾಕೆ ಮುಗಿಸಿಲ್ಲ? ನಮ್ಮ ಗ್ಯಾಲಕ್ಸಿಯಲ್ಲಿ ಅಣುರೂಪದ ಅನಿಲ ಸುಮಾರು ನೂರು ಕೋಟಿ ಸೂರ್ಯರಷ್ಟು. ಅಡ್ಡಿಯಿಲ್ಲದೆ ಕುಸಿದರೆ ಒಂದು ಮೋಡಕ್ಕೆ 40 ಲಕ್ಷ ವರ್ಷ ಸಾಕು. ಭಾಗಿಸಿ ನೋಡಿ, ವರ್ಷಕ್ಕೆ 250 ಸೂರ್ಯರು ಹುಟ್ಟಬೇಕು. ನಿಜದಲ್ಲಿ ಹುಟ್ಟುವುದು ಸುಮಾರು ಎರಡು. 1974ರಿಂದ ಈ ಅಂತರ ತಲೆ ತಿನ್ನುತ್ತಿದೆ.

ಧೂಳುಕಣ
ಮೋಡದೊಳಗಿನ ಅನಿಲ ಸುಮ್ಮನಿರುವುದಿಲ್ಲ, ಕುದಿಯುವ ಅನ್ನದ ಹಾಗೆ ಮೇಲೆ ಕೆಳಗೆ ಆಡುತ್ತಿರುತ್ತದೆ. ಕಾಂತಕ್ಷೇತ್ರ ಬಿಗಿ ಹಿಡಿದಿರುತ್ತದೆ. ಇವೆರಡನ್ನೂ ಮೀರಿ ಕುಸಿದ ನಾಲ್ಕು ಗಂಟುಗಳಲ್ಲಿ ನಕ್ಷತ್ರ ಹುಟ್ಟುವಷ್ಟರಲ್ಲಿ ಅವುಗಳ ಬೆಳಕೇ ಉಳಿದದ್ದನ್ನು ಚದುರಿಸುತ್ತದೆ. ಗುರುತ್ವಕ್ಕೆ ಊಟ ಬಡಿಸುತ್ತಾರೆ, ಎರಡು ತುತ್ತು ಉಣ್ಣುವಷ್ಟರಲ್ಲಿ ಎಲೆ ಎತ್ತುತ್ತಾರೆ.

ಧೂಳಿನ ವಿಷಯ ಹೇಳದೆ ಹೋದರೆ ನನ್ನ ಹೆಸರಿಗೆ ಅವಮಾನ. ಎರಡು ಜಲಜನಕ ಪರಮಾಣುಗಳು ಬಯಲಿನಲ್ಲಿ ಎದುರಾದರೆ ಕೂಡಿಕೊಳ್ಳಲಾರವು, ಕೂಡಿದಾಗ ಬರುವ ಶಕ್ತಿಯನ್ನು ಬಿಸಾಡಲು ಅವಕ್ಕೆ ದಾರಿಯಿಲ್ಲ. ತಣ್ಣನೆಯ ಧೂಳುಕಣದ ಮೇಲೆ ಕೂತರೆ ಆ ಶಕ್ತಿಯನ್ನು ಕಣ ಹೊರುತ್ತದೆ, ಅಣುವಾಗಿ ಹಾರಿಹೋಗುತ್ತವೆ. ಘನ ಸೆಂಟಿಮೀಟರಿಗೆ ನೂರು ಪರಮಾಣುಗಳಿದ್ದರೆ ಇದಕ್ಕೆ ಒಂದು ಕೋಟಿ ವರ್ಷ, ಸಾವಿರವಿದ್ದರೆ ಹತ್ತು ಲಕ್ಷ. ಹಾಗಾಗಿ ಅದುಮಿದಷ್ಟೂ ಬೇಗ ಮೋಡ ಪಕ್ವವಾಗುತ್ತದೆ.

ನಿದ್ದೆಗೆಟ್ಟವಳು
ಕಾರ್ಬನ್ ಮಾನಾಕ್ಸೈಡ್ ಹುಡುಕಿದರೆ ಸಾಕು ಎಂದಿರಲ್ಲ, ಅಲ್ಲೊಂದು ಕೊಂಕಿದೆ. 2025ರಲ್ಲಿ ನಮ್ಮಿಂದ ಬರೀ 300 ಜ್ಯೋತಿರ್ವರ್ಷ ದೂರದಲ್ಲಿ ಈಯೋಸ್ ಎಂಬ ಮೋಡ ಸಿಕ್ಕಿತು, 3,400 ಸೂರ್ಯರಷ್ಟು ತೂಕ. ಕಾರ್ಬನ್ ಮಾನಾಕ್ಸೈಡ್ ತೀರ ಕಡಿಮೆ ಇದ್ದದ್ದರಿಂದ ಅಷ್ಟು ವರ್ಷ ಯಾರ ಕಣ್ಣಿಗೂ ಬಿದ್ದಿರಲಿಲ್ಲ. ಕೊರಿಯಾದ ಉಪಗ್ರಹವೊಂದರ ಹಳೆಯ ನೇರಳಾತೀತ ದತ್ತಾಂಶದಲ್ಲಿ ಜಲಜನಕದ ಅಣುಗಳು ಮಿನುಗುವುದು ಕಂಡಿತು. ಅದೂ ನಮ್ಮ ಗುಳ್ಳೆಯ ಅಂಚಿನಲ್ಲೇ ಇದೆ.

ಪರೀಕ್ಷೆ ಪರವಾಗಿಲ್ಲ, ಆಯಿತು. ಪತ್ರಿಕೆಯಲ್ಲಿ ಈ ವಿಷಯ ಒಂದೂ ಬರಲಿಲ್ಲ.

ಹಿತ್ತಲ ದೂರದರ್ಶಕ
ಸೋಮವಾರ ಮುಗಿಯಿತು. ಕ್ಷಮೆ ಕೇಳಿದೆ, ಅಡಿಕೆ ತೋಟದವರ ಗುಡ್ಡದ ಮೋಡವನ್ನು ಹೇಳಿದೆ, ಎಮ್ಮೆಯನ್ನೂ ಬಿಡಲಿಲ್ಲ. ಲೆಕ್ಕವನ್ನು ಅವಳು ನನಗಿಂತ ಬೇಗ ಮಾಡಿದಳು, ಸೊನ್ನೆಯೂ ತಪ್ಪಲಿಲ್ಲ. ತೊಂದರೆಯಾದದ್ದು ಬೇರೆ ಕಡೆ. ಕರಿಹಲಗೆಯ ಮೇಲೆ ದೊಡ್ಡದಾಗಿ "ಅಣುಮೋಡ" ಎಂದು ಬರೆದಿದ್ದೆ. ಹಿಂದಿನ ಬೆಂಚಿನ ಹುಡುಗ ಕೈ ಎತ್ತಿ, "ಯಾವ ದೇಶದವರು ಹಾಕಿದ ಬಾಂಬು ಸಾರ್?" ಎಂದ.

ಪರಿಭಾಷೆ ಪ್ರಿಯ
ಅಣುಬಾಂಬು, ಅಣುಸ್ಥಾವರ ಎಂದು ಪತ್ರಿಕೆಗಳು ಅರವತ್ತು ವರ್ಷ ಬರೆದ ಫಲ. ಅಲ್ಲಿ ಬೇಕಿದ್ದದ್ದು ಪರಮಾಣು. "ಅಣ್ವಿಕ ಮೇಘ" ಎಂದು ಬರೆಯಿರಿ.

ಅಡಿಕೆ ತೋಟ
ಅದನ್ನು ಬರೆದರೆ ಆ ಹುಡುಗ ಕೈ ಎತ್ತುವುದೇ ಇಲ್ಲ. ಬಾಂಬು ಎಂದೇ ಕೇಳಲಿ ಬಿಡಿ.